ಠಾಣೆಯಲ್ಲಿ ಇನ್ನೊಂದು ಕುರ್ಚಿ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರರಲ್ಲಿ ನಿಮಗೆ ಪರಿಚಯವಿದ್ದ ಯಾವ ಊರನ್ನಾದರೂ ಕಣ್ಣೆದುರಿಗೆ ತಂದುಕೊಳ್ಳಿರಿ. ಅಲ್ಲೊಂದು ಅನುಕೂಲಸ್ಥರ ಮನೆ. ಮನೆಯೊಡತಿಯ ಉಂಗುರ ಕಾಣೆಯಾಗಿದೆ. ಹಿಂದಿನ ದಿನ ಭಾಂಡೆ ತಿಕ್ಕಲು ಬಂದವಳ ಬೆನ್ನ ಹಿಂದೆ ಅವಳ ಹದಿಮೂರು ವರ್ಷದ ಮಗನೂ ಬಂದಿದ್ದ. ಯಜಮಾನರು ಠಾಣೆಗೆ ಫೋನು ಮಾಡುತ್ತಾರೆ: “ಸಾಹೇಬ್ರ, ಫಿರ್ಯಾದಿ-ಗಿರ್ಯಾದಿ ಏನೂ ಬ್ಯಾಡ್ರಿ. ಆ ಹುಡುಗನ್ನ ಕರದು ಒಂದೀಟು ಕೇಳ್ರಿ, ಅಷ್ಟ ಸಾಕು.” ಸಂಜೆಗೆ ಹುಡುಗ ಠಾಣೆಯಲ್ಲಿದ್ದಾನೆ. ತಂದೆ ಕಬ್ಬು ಕಡಿಯುವ ಗ್ಯಾಂಗಿನೊಡನೆ ಬೇರೆ ಊರಿನ ಹೊಲದಲ್ಲಿದ್ದಾನೆ. ತಾಯಿ ಇನ್ನೊಬ್ಬರ ಮನೆಯ ಬಚ್ಚಲಲ್ಲಿದ್ದಾಳೆ. ಯಾರೂ ಬಡಿಯುವುದಿಲ್ಲ, ಯಾರೂ ಬಯ್ಯುವುದೂ ಇಲ್ಲ ಎಂದೇ ಇಟ್ಟುಕೊಳ್ಳೋಣ. ನಾಲ್ಕು ಜನ ದೊಡ್ಡವರು ಸುತ್ತ ನಿಂತು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ. “ಖರೇ ಹೇಳಿದರ ಈಗಿಂದೀಗ ಮನೀಗಿ ಹೋಗಬಹುದು, ತಮ್ಮಾ” ಎನ್ನುತ್ತಾರೆ. ಹುಡುಗನಿಗೆ ಬೇಕಾದದ್ದು ಮನೆಗೆ ಹೋಗುವುದು. ಹನ್ನೊಂದನೆಯ ಸಲ ಅವನು “ಹೌದ್ರಿ, ನಾನ ತಗೊಂಡೇನ್ರಿ” ಎನ್ನುತ್ತಾನೆ. ಮರುದಿನ ಉಂಗುರ ಬಚ್ಚಲಮನೆಯ ಸಾಬೂನು ಡಬ್ಬಿಯ ಕೆಳಗೆ ಸಿಗುತ್ತದೆ.

ಇದು ಇಂಥ ದಿನ, ಇಂಥ ಊರಲ್ಲಿ ನಡೆಯಿತೆಂದು ನಾನು ಹೇಳುತ್ತಿಲ್ಲ. ನಡೆಯಲಾರದೆಂದು ನೀವೂ ಹೇಳಲಾರಿರಿ. ನಾನು ಹೇಳಬೇಕಾದ ಮಾತು ಒಂದೇ. ಹದಿನೆಂಟು ತುಂಬದ ಯಾವ ಮಗುವನ್ನೂ, ಅದು ಆರೋಪಿಯಾಗಿರಲಿ, ಸಾಕ್ಷಿಯಾಗಿರಲಿ, ಅನ್ಯಾಯಕ್ಕೆ ಒಳಗಾದದ್ದಿರಲಿ, ಅದರ ತಂದೆ ಇಲ್ಲವೆ ತಾಯಿ, ಅವರು ಸಿಗದಿದ್ದರೆ ಅದು ನಂಬಿದ ಇನ್ನೊಬ್ಬ ಹಿರಿಯರು ಪಕ್ಕದಲ್ಲಿ ಕುಳಿತ ಹೊರತು ಪೋಲೀಸರು ಪ್ರಶ್ನಿಸಕೂಡದು.

“ಅದಕ್ಕೆ ಕಾಯದೆ ಇದೆಯಲ್ಲ!” ಎಂದು ತಿಳಿದವರು ಅಂದಾರು. ಇದೆ. ಈ ನಾಡಿಗೆ ಮಕ್ಕಳ ಕಾಯದೆ ಹೊಸದೇನೂ ಅಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1924ರಷ್ಟು ಹಿಂದೆಯೇ, ಆ ಪ್ರಾಂತ ಮಕ್ಕಳಿಗಾಗಿ ಒಂದು ಕಾಯದೆ ಮಾಡಿತ್ತು. 1948ರಲ್ಲಿ ಇನ್ನೊಂದು ಬಂದಿತು. ಈಗ ನಡೆಯುತ್ತಿರುವುದು 2015ರ ಬಾಲನ್ಯಾಯ ಕಾಯದೆ. ಅದು ಒಳ್ಳೆಯ ಕಾಯದೆಯೆ. ಅದರ ಪ್ರಕಾರ ಮಗುವನ್ನು ಲಾಕಪ್ಪಿನಲ್ಲಿ ಇಡಕೂಡದು, ಹಿಡಿದ 24 ತಾಸುಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು, ಪಾಲಕರಿಗೆ ತಿಳಿಸಬೇಕು, ಪ್ರತಿಯೊಂದು ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣ ಪೋಲೀಸ ಅಧಿಕಾರಿಯೊಬ್ಬರು ಇರಬೇಕು. 2016ರ ಮಾದರಿ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಬೇಡಿ ಹಾಕಬಾರದು, ತಪ್ಪೊಪ್ಪಿಕೊಳ್ಳೆಂದು ಒತ್ತಾಯಿಸಬಾರದು, ಯಾವ ಹೇಳಿಕೆಗೂ ಸಹಿ ಕೇಳಬಾರದು, ಠಾಣೆಯೆಂಬ ಭಾವನೆಯೇ ಬಾರದಂಥ ಜಾಗದಲ್ಲಿ ಮಾತಾಡಿಸಬೇಕು ಎನ್ನುತ್ತವೆ. ಇಷ್ಟೆಲ್ಲ ಗಟ್ಟಿಯಾಗಿ ಹೇಳಿದ ನಿಯಮ ಪಾಲಕರ ಮಾತು ಬಂದಾಗ ಮಾತ್ರ ದನಿ ತಗ್ಗಿಸುತ್ತದೆ. ವಿಚಾರಿಸುವಾಗ ತಂದೆತಾಯಿಗಳು ಹಾಜರು “ಇರಬಹುದು” ಎನ್ನುತ್ತದೆ. “ಇರಬೇಕು” ಎನ್ನುವುದಿಲ್ಲ.

ಇನ್ನೊಂದು ಕಾಯದೆಯನ್ನು ನೋಡಿರಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯಲು 2012ರಲ್ಲಿ ಬಂದ, ಎಲ್ಲರೂ ಪೋಕ್ಸೋ ಎಂದು ಕರೆಯುವ ಕಾಯದೆ. ಅಲ್ಲಿ ನೊಂದ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಜಾಗದಲ್ಲಿಯೋ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ತಂದೆತಾಯಿಗಳು ಅಥವಾ ಮಗು ನಂಬಿದ ಇನ್ನೊಬ್ಬರು ಎದುರಿಗೆ ಇರಬೇಕು. ಇಲ್ಲಿ “ಬಹುದು” ಇಲ್ಲ, “ಬೇಕು” ಇದೆ. ಒಂದೇ ದೇಶದ ಶಾಸನಸಭೆಗೆ ನೊಂದ ಮಗುವಿನ ಅಂಜಿಕೆ ಅರ್ಥವಾಯಿತು. ಆರೋಪ ಹೊತ್ತ ಮಗುವಿನ ಅಂಜಿಕೆ ಅರ್ಥವಾಗಲಿಲ್ಲ. ಮಗು ಮಾತ್ರ ಎರಡೂ ಕಡೆ ಮಗುವೇ.

ಸಾಕ್ಷಿಯಾದ ಮಗುವಿನ ಗತಿ ಏನು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮು, ಹದಿನೈದು ತುಂಬದ ಹುಡುಗನನ್ನಾಗಲಿ ಹೆಂಗಸನ್ನಾಗಲಿ ಅವರಿರುವ ಜಾಗ ಬಿಟ್ಟು ಬೇರೆಡೆಗೆ ಕರೆಸಬಾರದೆನ್ನುತ್ತದೆ. ಒಳ್ಳೆಯದು. ಆದರೆ ಮನೆಗೇ ಬಂದು ಕೇಳುವಾಗ ಪಾಲಕರು ಪಕ್ಕದಲ್ಲಿರಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಹದಿನೈದು ದಾಟಿದ ಹುಡುಗನಿಗೆ ಆ ಆಸರೆಯೂ ಇಲ್ಲ. ಜೊತೆಗೆ, ಅಂಥವರು ತಾವಾಗಿ ಠಾಣೆಗೆ ಬರಲು ಒಪ್ಪಿದರೆ ಬರಬಹುದು ಎಂಬ ಕಿಂಡಿಯೊಂದನ್ನು ಅದೇ ಕಲಮು ತೆರೆದಿಟ್ಟಿದೆ. ಹನ್ನೆರಡು ವರ್ಷದ ಹುಡುಗನ ಮುಂದೆ ಮೋಟರ್‌ಸೈಕಲ್ಲು ನಿಲ್ಲಿಸಿ “ಬರ್ತೀಯೇನೋ?” ಎಂದರೆ ಅವನು ಏನೆನ್ನಬೇಕು? ಅವನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದಕ್ಕೆ ಎಷ್ಟು ಶಾಯಿ ಬೇಕು?

ಇನ್ನೊಂದು ಉಪಾಯ ಎಲ್ಲಕ್ಕಿಂತ ಸುಲಭದ್ದು. ಹಿಡಿದೆವೆಂದು ಬರೆದರೆ ತಾನೆ 24 ತಾಸಿನ ಲೆಕ್ಕ, ಮಂಡಳಿ, ಪಾಲಕರಿಗೆ ಸುದ್ದಿ? “ಸುಮ್ಮನೆ ವಿಚಾರಿಸಲು ಕರೆದಿದ್ದೆವು” ಎಂದರೆ ಯಾವ ವಹಿಯಲ್ಲಿಯೂ ಮಗುವಿನ ಹೆಸರಿಲ್ಲ. ವಹಿಯಲ್ಲಿ ಇಲ್ಲದ ಮಗುವಿಗೆ ಕಾಯದೆಯೂ ಇಲ್ಲ.

ಇದೆಲ್ಲ ಬರಿಯ ಊಹೆಯೆಂದು ಯಾರಾದರೂ ತಳ್ಳಿಹಾಕುವ ಮುಂಚೆ ನಮ್ಮ ರಾಜ್ಯದ ಇನ್ನೊಂದು ತುದಿಯ ಬೀದರವನ್ನು ನೆನೆಯಬೇಕು. 2020ರ ಜನವರಿಯಲ್ಲಿ ಅಲ್ಲಿಯ ಶಾಹೀನ ಶಾಲೆಯ ಚಿಕ್ಕ ಮಕ್ಕಳು ಪೌರತ್ವ ಕಾಯದೆಯ ತಿದ್ದುಪಡಿಯ ಮೇಲೆ ಒಂದು ನಾಟಕ ಆಡಿದರು. ನಾಟಕ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದನ್ನು ಮೆಚ್ಚದವರೂ ಮುಂದಿನದನ್ನು ಕೇಳಬೇಕು. ರಾಜದ್ರೋಹದ ಖಟ್ಲೆ ದಾಖಲಾಯಿತು. ಶಾಲೆಯ ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಪೋಲೀಸರು ಒಂದು ದಿನವಲ್ಲ, ಹಲವು ದಿನ ಶಾಲೆಗೆ ಹೋಗಿ ಮಕ್ಕಳನ್ನು ಪ್ರಶ್ನಿಸಿದರು. ಆ ಫೋಟೋಗಳನ್ನು ನಾಡೆಲ್ಲ ಕಂಡಿತು. ಸಂಗತಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ ಓಕ ಅವರ ಪೀಠ, ಸಮವಸ್ತ್ರ ತೊಟ್ಟು ಆಯುಧ ಹೊತ್ತವರು ಮಕ್ಕಳ ನಡುವೆ ಕುಳಿತದ್ದು ಮೇಲ್ನೋಟಕ್ಕೆ ಮಕ್ಕಳ ಹಕ್ಕುಗಳ ಮತ್ತು ಬಾಲನ್ಯಾಯ ನಿಯಮಗಳ ಗಂಭೀರ ಉಲ್ಲಂಘನೆಯೆಂದು ಹೇಳಿತು. 2023ರ ಜೂನಿನಲ್ಲಿ ಕಲಬುರಗಿಯ ಪೀಠ ಶಾಲೆಯ ಆಡಳಿತದವರ ಮೇಲಿನ ರಾಜದ್ರೋಹದ ಖಟ್ಲೆಯನ್ನೇ ರದ್ದು ಮಾಡಿತು. ಖಟ್ಲೆ ಹೋಯಿತು, ಆ ಮಕ್ಕಳ ನೆನಪಿನಿಂದ ಆ ದಿನಗಳನ್ನು ರದ್ದು ಮಾಡುವ ಪೀಠ ಯಾವುದು?

ಬೀದರದಲ್ಲಿ ಕ್ಯಾಮರಾಗಳಿದ್ದವು, ವಕೀಲರಿದ್ದರು, ಪತ್ರಿಕೆಗಳಿದ್ದವು. ಮೂಡಲಗಿಯ ಸಂತೆಯಲ್ಲಿ ಕಿಸೆಗಳ್ಳನೆಂದು ಸಂಶಯಕ್ಕೆ ಬಿದ್ದ ಹುಡುಗನಿಗೆ ಇವಾವವೂ ಇಲ್ಲ. ಇದ್ದರೆ ಅವನ ಅವ್ವ ಒಬ್ಬಳು. ಆ ಒಬ್ಬಳನ್ನೂ ಹೊರಗೆ ಕಟ್ಟೆಯ ಮೇಲೆ ಕೂಡ್ರಿಸಿದರೆ ಉಳಿಯುವುದೇನು?

ಸಡಿಲ ಶಬ್ದದಿಂದ ಏನಾಗುತ್ತದೆಂಬುದನ್ನು ನಮ್ಮ ಪೋಲೀಸ ಪದ್ಧತಿಗೆ ಮೂಲವಾದ ಇಂಗ್ಲಂಡವೇ ಒಮ್ಮೆ ಕಲಿಯಬೇಕಾಯಿತು. 1964ರಲ್ಲಿ ಅಲ್ಲಿಯ ಸರಕಾರ, “ಸಾಧ್ಯವಾದಷ್ಟು ಮಟ್ಟಿಗೆ” ಮಕ್ಕಳನ್ನು ಪಾಲಕರ ಎದುರಿಗೇ ವಿಚಾರಿಸಬೇಕೆಂದು ಪೋಲೀಸರಿಗೆ ಸೂಚನೆ ಕೊಟ್ಟಿತ್ತು. 1972ರಲ್ಲಿ ಲಂಡನ್ನಿನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬವರ ಕೊಲೆಯಾಯಿತು. ಮೂವರು ಹುಡುಗರನ್ನು ಹಿಡಿದರು. ಇಬ್ಬರಿಗೆ 14 ಮತ್ತು 15 ವರ್ಷ. ಮೂರನೆಯವನಿಗೆ 18 ಆಗಿದ್ದರೂ ಬುದ್ಧಿ ಎಂಟು ವರ್ಷದ ಮಗುವಿನದು. ಮೊದಲ ಪ್ರಶ್ನೋತ್ತರ ನಡೆದಾಗ ಪಾಲಕರು ಜೊತೆಗಿರಲಿಲ್ಲ. ಹುಡುಗರು ಒಪ್ಪಿಕೊಂಡರು, ಶಿಕ್ಷೆಯೂ ಆಯಿತು. 1975ರಲ್ಲಿ ಮೇಲಿನ ನ್ಯಾಯಾಲಯ ಆ ಶಿಕ್ಷೆಗಳನ್ನು ತೆಗೆದುಹಾಕಿತು. ಆ ಮೇಲೆ ವಿಚಾರಣಾ ವರದಿ ಬಂದಿತು, ಚರ್ಚೆ ನಡೆಯಿತು, ಕೊನೆಗೆ 1984ರ ಹೊಸ ಪೋಲೀಸ ಕಾಯದೆಯೊಡನೆ ಮಗುವಿನ ಪಕ್ಕದಲ್ಲಿ ಒಬ್ಬ ತಕ್ಕ ಹಿರಿಯರು ಇರಲೇಬೇಕೆಂಬ ಕಟ್ಟಳೆ ಗಟ್ಟಿಯಾಯಿತು. “ಸಾಧ್ಯವಾದಷ್ಟು” ಎಂಬ ಮಾತು ಅಲ್ಲಿ ಮೂರು ಹುಡುಗರ ಮೂರು ವರ್ಷಗಳನ್ನು ನುಂಗಿತು. ನಮ್ಮ “ಇರಬಹುದು” ಎಷ್ಟು ನುಂಗಿದೆಯೋ, ವಹಿಯಲ್ಲಿ ಬರೆಯದ್ದನ್ನು ಎಣಿಸುವವರಾರು?

ಇದಕ್ಕೆ ಬರುವ ಆಕ್ಷೇಪಗಳು ನನಗೆ ತಿಳಿಯದವಲ್ಲ. ಮೊದಲನೆಯದು, ಪಾಲಕರು ಕುಳಿತರೆ ಹುಡುಗ ಸತ್ಯ ಹೇಳುವುದಿಲ್ಲ, ಅವರೇ ಪಾಠ ಕಲಿಸಿಬಿಡುತ್ತಾರೆ ಎಂಬುದು. ಪೋಕ್ಸೋ ಖಟ್ಲೆಗಳಲ್ಲಿ ತಾಯಿ ಪಕ್ಕದಲ್ಲಿ ಕುಳಿತೇ ಹೇಳಿಕೆ ಆಗುತ್ತದಲ್ಲ; ಅಲ್ಲಿ ಹೊರಬರುವ ಸತ್ಯ ಇಲ್ಲೇಕೆ ಒಳಗೇ ಉಳಿಯಬೇಕು? ಪಾಲಕರು ಉತ್ತರ ಕೊಡಲು ಕೂಡ್ರುವುದಿಲ್ಲ, ಮಗು ಒಂಟಿಯಲ್ಲವೆಂದು ತಿಳಿಸಲು ಕೂಡ್ರುತ್ತಾರೆ. ಪಾಲಕರ ಮೇಲೆಯೇ ಸಂಶಯವಿದ್ದರೆ ಮಗು ನಂಬಿದ ಗುರುಗಳೋ ಸೋದರಮಾವನೋ ಅಂಗನವಾಡಿಯ ಅಕ್ಕನೋ ಬರಲಿ.

ಅಂಜಿದ ಮಗು ಸತ್ಯ ಹೇಳುವುದಿಲ್ಲ. ಪ್ರಶ್ನೆಗಳು ಬೇಗ ಮುಗಿಯುವಂಥದನ್ನು ಹೇಳುತ್ತದೆ. 2025ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಸವದತ್ತಿ ತಾಲೂಕಿನ ಹೂಲಿಕಟ್ಟಿಯ ಸರಕಾರಿ ಶಾಲೆಯಲ್ಲಿ ಮಕ್ಕಳು ಕುಡಿಯುವ ನೀರಿನ ತೊಟ್ಟಿಗೆ ವಿಷ ಬಿದ್ದು ಮಕ್ಕಳು ಅಸ್ವಸ್ಥರಾದರು. ದೊಡ್ಡವರೇ ಸಂಚು ಹೂಡಿ ಒಬ್ಬ ಬಾಲಕನ ಕೈಯಿಂದ ಅದನ್ನು ಮಾಡಿಸಿದರೆಂದು ಪೋಲೀಸರು ಹೇಳಿದರು, ಮೂವರು ಬಂಧಿತರಾದರು. ಇಂಥ ಪ್ರಕರಣದಲ್ಲಿ ಬಾಲಕ ಗಾಬರಿಯಿಂದ “ನಾನೇ ಮಾಡಿದೆ” ಎಂದಷ್ಟೇ ಹೇಳಿ ಬಾಯಿ ಮುಚ್ಚಿದರೆ ಹಿಂದೆ ನಿಂತವರು ನಗುತ್ತ ತಿರುಗಾಡುತ್ತಾರೆ. ಮಗುವಿನ ಧೈರ್ಯ ಪೋಲೀಸರ ವೈರಿಯಲ್ಲ. ಒಳ್ಳೆಯ ತಪಾಸಣೆಗೆ ಅದೇ ಬಂಡವಾಳ.

ಎರಡನೆಯ ಆಕ್ಷೇಪ, ಪೋಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಹೇಗೂ ನಿಲ್ಲುವುದಿಲ್ಲ, ಹೆದರಿಕೆಯೇಕೆ ಎಂಬುದು. ನ್ಯಾಯಾಲಯದಲ್ಲಿ ನಿಲ್ಲದ ಮಾತು ಓಣಿಯಲ್ಲಿ ನಿಲ್ಲುತ್ತದೆ, ಶಾಲೆಯ ಅಂಗಳದಲ್ಲಿ ನಿಲ್ಲುತ್ತದೆ. “ಠಾಣೇದಾಗ ಒಪ್ಕೊಂಡಾನಂತ” ಎಂಬ ನಾಲ್ಕು ದಿನದ ಸುದ್ದಿ ಸಾಕು, ಹುಡುಗ ಶಾಲೆ ಬಿಡುತ್ತಾನೆ. ಊರು ಕಳ್ಳನೆಂದು ಕರೆದವನಿಗೆ ಬೇರೆ ಹೆಸರು ಸಿಗುವುದು ಸುಲಭವಲ್ಲ.

ಮೂರನೆಯದು, ಪಾಲಕರು ಎಲ್ಲಿ ಸಿಗುತ್ತಾರೆ, ನಮಗೆ ಜನ ಸಾಲದು ಎಂಬ ಠಾಣೆಯ ಅಳಲು. ಇದರಲ್ಲಿ ಹುರುಳಿದೆ. ಹಂಗಾಮಿನಲ್ಲಿ ಕಬ್ಬಿನ ಬೆನ್ನು ಹತ್ತಿ ಹೋದ ತಂದೆ ಒಂದೇ ತಾಸಿನಲ್ಲಿ ಬರಲಾರ. ಆದರೆ ಹುಡುಗನನ್ನು ಕರೆತರಲು ಸಿಕ್ಕ ಮೋಟರ್‌ಸೈಕಲ್ಲು ಅವನ ತಾಯಿಯನ್ನು ಕರೆತರಲು ಏಕೆ ಸಿಗುವುದಿಲ್ಲ? ಯಾರೂ ಬರುವಂತಿಲ್ಲದಿದ್ದರೆ ಪ್ರಶ್ನೆಗಳು ನಾಳೆಯ ವರೆಗೆ ಕಾಯಲಿ. ಕಳೆದ ಉಂಗುರ ಒಂದು ರಾತ್ರಿ ಕಾಯಬಲ್ಲದು.

ಈಗ ವಾಚಕರಿಗೆ ಒಂದು ಕಹಿ ಮಾತು. ನಮ್ಮ ಮಗನನ್ನು ಠಾಣೆಗೆ ಕರೆದರೆ ನಾವೇನು ಮಾಡುತ್ತೇವೆ? ಪರಿಚಯದ ವಕೀಲರಿಗೆ ಫೋನು ಮಾಡುತ್ತೇವೆ; ಶಾಸಕರ ಮನೆಯ ಬಾಗಿಲು ತಟ್ಟುತ್ತೇವೆ; ಹುಡುಗನಿಗಿಂತ ಮೊದಲು ನಾವೇ ಠಾಣೆ ಸೇರುತ್ತೇವೆ. ನಮಗೆ ಕುರ್ಚಿಯೂ ಸಿಗುತ್ತದೆ, ಚಹವೂ ಬರುತ್ತದೆ. ಅಂದರೆ ಮಗುವಿನ ಪಕ್ಕದಲ್ಲಿ ಪಾಲಕರು ಕೂಡ್ರುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದು ಅನುಕೂಲಸ್ಥರಿಗೆ ಮೀಸಲಾಗಿದೆ, ಅಷ್ಟೆ. ಮತ್ತು ಮೊದಲಿನ ಕಥೆಯಲ್ಲಿ “ಒಂದೀಟು ಕೇಳ್ರಿ” ಎಂದು ಫೋನು ಮಾಡಿದವರು ಪೋಲೀಸರಲ್ಲ, ನಮ್ಮಂಥವರೇ. ಬಡವರ ಮಗುವನ್ನು ಒಂಟಿಯಾಗಿ ಕೂಡ್ರಿಸುವ ಪಾಪದಲ್ಲಿ ಖಾಕಿಗೆ ಎಷ್ಟು ಪಾಲೋ ನಮ್ಮ ಇಸ್ತ್ರಿಯ ಅಂಗಿಗೂ ಅಷ್ಟೇ ಪಾಲಿದೆ.

ಆಗಬೇಕಾದದ್ದು ಹೆಚ್ಚೇನಲ್ಲ. ಬಾಲನ್ಯಾಯ ಕಾಯದೆಯೇ ರಾಜ್ಯ ಸರಕಾರಕ್ಕೆ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಆ ನಿಯಮದಲ್ಲಿ “ಇರಬಹುದು” ಹೋಗಿ “ಇರಲೇಬೇಕು” ಬರಲಿ, ಅದು ಸಾಕ್ಷಿಯಾದ ಮಗುವಿಗೂ ಅನ್ವಯಿಸುವಂತೆ ಸರಕಾರ ಪೋಲೀಸರಿಗೆ ಆಜ್ಞೆ ಹೊರಡಿಸಲಿ. ಮಗುವಿನೊಡನೆ ಮಾತಾಡಿದಾಗಲೆಲ್ಲ, ಹಿಡಿದಿರಲಿ ಬಿಡಲಿ, ಯಾವ ಹೊತ್ತಿಗೆ ಬಂದಿತು, ಯಾರು ಪಕ್ಕದಲ್ಲಿದ್ದರು, ಯಾವ ಹೊತ್ತಿಗೆ ಹೋಯಿತೆಂಬುದನ್ನು ಠಾಣೆಯ ದಿನಚರಿಯಲ್ಲಿ ಬರೆಯಲಿ. ಪಾಲಕರು ಸಿಗದ ಹೊತ್ತಿಗೆಂದು ಪ್ರತಿ ತಾಲೂಕಿನಲ್ಲಿಯೂ ನಿವೃತ್ತ ಗುರುಗಳ, ಗುರುಮಾತೆಯರ ಒಂದು ಪಟ್ಟಿ ಇರಲಿ. ಗೋಕಾಕದಲ್ಲಾಗಲಿ, ಹುಕ್ಕೇರಿಯಲ್ಲಾಗಲಿ, ಕರೆದರೆ ಎದ್ದು ಬರುವ ಹತ್ತು ಜನ ಹಿರಿಯರಿಗೆ ಬರಗಾಲವಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದುಕೊಳ್ಳಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ, ಅಂದಾಜುಪತ್ರಿಕೆಯಲ್ಲಿ ಹೊಸ ಬಾಬು ಬೇಡ. ಮಗು ಕುಳಿತ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಬೇಕು. ಅದರ ಮೇಲೆ ಅವನ ಅವ್ವ ಬಂದು ಕೂಡ್ರುವ ತನಕ ಯಾರೂ ಏನೂ ಕೇಳಬಾರದು.