ಕರಿ ಉಣ್ಣೆಯ ಲೆಕ್ಕ, ಮರಿಯ ತೂಕದ ಲೆಕ್ಕ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆಯಾದರೆ ಅದೇ ದೊಡ್ಡದು. ಶೇಂಗಾ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಕುರಿ ಹಿಂಡು. ಇಲ್ಲಿ ಬಹುಕಾಲದಿಂದ ಇರುವುದು ಬಳ್ಳಾರಿ ಮತ್ತು ಡೆಕ್ಕನಿ ಕುರಿಗಳು. ಬಳ್ಳಾರಿ ತಳಿಯಲ್ಲಿ ಬಿಳಿ, ಕಪ್ಪು-ಬಿಳಿ ಮಚ್ಚೆ, ಅಚ್ಚ ಕಪ್ಪು ಎಲ್ಲವೂ ಉಂಟು. ಡೆಕ್ಕನಿಯಲ್ಲಿ ಕಪ್ಪಿನದೇ ಮೇಲುಗೈ. ಹಾಗಿದ್ದರೆ ಹಿಂಡಿಗೆ ಟಗರು ಬಿಡುವಾಗ ಬಣ್ಣಕ್ಕೆ ಎಷ್ಟು ತೂಕ ಕೊಡಬೇಕು?

ಕಪ್ಪು ಬೇಕು ಎನ್ನುವವರ ವಾದಕ್ಕೆ ಆಧಾರ ಕಂಬಳಿ. ಚಳ್ಳಕೆರೆ ಕಂಬಳಿಯ ಕಪ್ಪು ಕುರಿಯದೇ ಕಪ್ಪು. ಅದಕ್ಕೆ ಬಣ್ಣದ ಖರ್ಚಿಲ್ಲ, ತೊಳೆದರೆ ಬಿಡುವ ಭಯವಿಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆ ಮೃದು, ಕಪ್ಪೂ ಗಾಢ. ವಯಸ್ಸಾದಂತೆ ಅದು ಒರಟಾಗಿ ಕಂದುತ್ತದೆ. ನೂಲನ್ನು ಹಾಸಿಗೆ ಎಳೆದು, ಹುಣಸೆಬೀಜದ ಗಂಜಿ ಹಚ್ಚಿ, ಒಣಗಿಸಿ ಮಗ್ಗಕ್ಕೇರಿಸುವ ನೇಕಾರರಿಗೆ ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅವರ ಪಾಲಿಗೆ ಬಣ್ಣವೇ ಉತ್ಪತ್ತಿ.

ಎದುರು ವಾದವೂ ಹಗುರವಲ್ಲ. ಇಂದು ಕುರಿ ಸಾಕಣೆಯ ಆದಾಯ ಬರುವುದು ಮಾಂಸದಿಂದ. ಒಂದು ಕುರಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಒಂದು ಕಿಲೋ ಕೂಡ ಮುಟ್ಟುವುದಿಲ್ಲ. ಕತ್ತರಿಸುವವರ ಕೂಲಿ ಕಳೆದರೆ ಉಳಿಯುವುದು ಅತ್ಯಲ್ಪ. ಹಾಗಾಗಿ ಉಣ್ಣೆ ಕೊಡದಿದ್ದರೂ ಬೇಗ ಬೆಳೆಯುವ ನೆಲ್ಲೂರು, ಕೆಂಗುರಿ ಟಗರುಗಳ ಕಡೆಗೆ ಹಲವರು ವಾಲಿದ್ದಾರೆ. ಕಪ್ಪು ಮೈ ಬಿಸಿಲನ್ನು ಹೆಚ್ಚು ಹೀರುತ್ತದೆ ಎಂಬುದೂ ನಿಜ. ಮೈ ಬಿಸಿಯಾದ ಕುರಿ ಮೇವು ಬಿಟ್ಟು ನೆರಳು ಹುಡುಕುತ್ತದೆ, ನೀರು ಹೆಚ್ಚು ಬೇಡುತ್ತದೆ.

ಆದರೆ ಹೀರಿದ ಬಿಸಿಯೆಲ್ಲ ಚರ್ಮಕ್ಕೆ ಇಳಿಯುವುದಿಲ್ಲ. ಮಧ್ಯಾಹ್ನ ಕರಿ ಕುರಿಯ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ ತುದಿ ಬಿಸಿಲಿಗೆ ಕೆಂಪಡರಿರುತ್ತದೆ, ಬುಡ ಮಾತ್ರ ಕಪ್ಪಾಗಿಯೇ ಇರುತ್ತದೆ. ಬಿಸಿಲಿನ ಪೆಟ್ಟು ತಾಗುವುದು ಮೇಲ್ಪದರಕ್ಕೆ; ಗಾಳಿಯಾಡಿದರೆ ಆ ಬಿಸಿಯ ಬಹುಪಾಲು ಅಲ್ಲಿಂದಲೇ ಹೊರಟುಹೋಗುತ್ತದೆ. ಮರುಭೂಮಿಯ ಬೆಡೂಯಿನ್ ಜನ ಕರಿ ನಿಲುವಂಗಿ ತೊಡುವುದರ ಬಗ್ಗೆ 1980ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಕಪ್ಪು ಬಟ್ಟೆ ಹೆಚ್ಚು ಬಿಸಿ ಹೀರಿದರೂ ಅದು ಮೈ ಮುಟ್ಟುವ ಮೊದಲೇ ಗಾಳಿಗೆ ಸೇರುತ್ತದೆ. ಉಣ್ಣೆ ಕತ್ತರಿಸಿದ ಹೊಸತರಲ್ಲಿ ಮಾತ್ರ ಕರಿ ಕುರಿಗೆ ನೆರಳು ಹೆಚ್ಚು ಬೇಕು.

ಬಣ್ಣದ ವಂಶವಾಹಿಗಳ ಜೊತೆಗೆ ಬೇರೆ ಗುಣಗಳೂ ಬರಬಹುದು. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದ ಸೋಯೆ ಕುರಿಗಳಲ್ಲಿ ಗಾಢ ಬಣ್ಣದವು ಮೈಯಲ್ಲಿ ದೊಡ್ಡವು. ಆದರೂ ಅವುಗಳ ಪಾಲು ವರ್ಷಗಳು ಕಳೆದಂತೆ ಕುಗ್ಗಿತು. ಮಧ್ಯ ಏಷ್ಯಾದ ಕರಾಕುಲ್ ತಳಿಯಲ್ಲಿ ತಂದೆ ತಾಯಿ ಇಬ್ಬರಿಂದಲೂ ಬೂದು ಬಣ್ಣ ಪಡೆದ ಮರಿಗಳು ಎಳವೆಯಲ್ಲೇ ಸಾಯುತ್ತವೆ. ಅಲ್ಲಿನ ಫಲಿತಾಂಶವನ್ನು ತಂದು ನಮ್ಮ ಹಟ್ಟಿಗೆ ಹೊಂದಿಸಲಾಗದು. ಬಣ್ಣದ ಅರ್ಥವನ್ನು ಆಯಾ ತಳಿಯಲ್ಲೇ ತೂಗಿ ನೋಡಬೇಕು ಎಂಬುದೇ ಇದರ ಪಾಠ.

ಆದ್ದರಿಂದ ನನ್ನ ಅಭಿಪ್ರಾಯ ಇದು: ಮರಿ ಎಷ್ಟು ತೂಗುತ್ತದೆ, ತಾಯಿಗೆ ಎಷ್ಟು ಹಾಲಿದೆ, ಬರಗಾಲದಲ್ಲೂ ಗಬ್ಬ ನಿಲ್ಲುತ್ತದೆಯೇ ಎಂಬುದನ್ನು ಬಣ್ಣ ಹೇಳಲಾರದು. ಟಗರನ್ನು ಮೊದಲು ಇವುಗಳಿಂದಲೇ ಆರಿಸಬೇಕು. ಹುಟ್ಟಿದಾಗಿನ ತೂಕ, ಮೂರು ತಿಂಗಳ ತೂಕ, ತಾಯಿಯ ಗುರುತು ಇಷ್ಟನ್ನು ಬರೆದಿಟ್ಟರೂ ಸಾಕು. ಬಣ್ಣಕ್ಕಾಗಿ ಒಂದೇ ಟಗರಿಗೆ ಜೋತುಬಿದ್ದರೆ ರಕ್ತಸಂಬಂಧದಲ್ಲೇ ಮರಿಗಳಾಗಿ ಹಿಂಡು ಸೊರಗುತ್ತದೆ. ಎರಡು ಟಗರು ಸರಿಸಮ ಎನಿಸಿದಾಗ ಕರಿಯದನ್ನೇ ಉಳಿಸಿಕೊಳ್ಳಲಿ, ಏಕೆಂದರೆ ಒಮ್ಮೆ ಹಿಂಡಿನಿಂದ ಕಳೆದುಹೋದ ಕರಿ ಉಣ್ಣೆಯನ್ನು ಮತ್ತೆ ತರುವುದಕ್ಕೆ ಹಲವು ತಲೆಮಾರು ಬೇಕು. ಆದರೆ ಆ ಹೊರೆಯನ್ನು ಕುರಿಗಾಹಿಯೊಬ್ಬನೇ ಹೊರಲಿ ಎನ್ನುವುದು ನ್ಯಾಯವಲ್ಲ. ಕಂಬಳಿ ಉಳಿಯಲಿ ಎಂದು ಬಯಸುವ ಸರ್ಕಾರ, ಸಹಕಾರ ಸಂಘ, ಗ್ರಾಹಕರು ಮೊದಲು ಕರಿ ಉಣ್ಣೆಗೆ ಕೂಲಿ ಗಿಟ್ಟುವಷ್ಟು ಬೆಲೆ ಕೊಡಲಿ.