"ಚೆನ್ನಾಗಿ ಓಡುತ್ತೆ" ಸರಿ, ನಿಲ್ಲುತ್ತಾ?



ಹಳೆಯ ಕಾರು ಮಾರುವಾಗ ನಾವೆಲ್ಲ ಹೇಳುವ ಮಾತು ಒಂದೇ: "ಗಾಡಿ ಚೆನ್ನಾಗಿ ಓಡುತ್ತೆ, ಕಣ್ಣು ಮುಚ್ಚಿಕೊಂಡು ತಗೊಳ್ಳಿ." ಕೆಲವು ವರ್ಷಗಳ ಹಿಂದೆ ನಾನೂ ಹಾಗೇ ಹೇಳಿ, ಹದಿನಾರು ವರ್ಷದ ನನ್ನ ಕಾರನ್ನು ಊರಿನಿಂದ ಆಗಷ್ಟೇ ಬಂದಿದ್ದ ಒಬ್ಬ ಹುಡುಗನಿಗೆ ಕೊಟ್ಟೆ. ಹೆಂಡತಿ, ಎರಡು ವರ್ಷದ ಮಗು ಇದ್ದ ಸಂಸಾರ. ರೋಡ್‌ವರ್ದಿ ಸರ್ಟಿಫಿಕೇಟ್ ಇತ್ತು, ಕಾಗದ ಪತ್ರ ಎಲ್ಲ ಸರಿಯಾಗಿತ್ತು.

ಮೂರನೇ ವಾರ ಫೋನ್ ಬಂತು. "ಅಂಕಲ್, ಕ್ರೇಗಿಬರ್ನ್ ರೋಡ್ ಸಿಗ್ನಲ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನಿಂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತೆ. ಇಲ್ಲಿನ ಕಾರುಗಳಲ್ಲಿ ಹೀಗೇನಾ?"

ನನಗೆ ಕೈಕಾಲು ತಣ್ಣಗಾಯಿತು. ಏಕೆಂದರೆ ಆ ಪೆಡಲ್ ನನಗೂ ಒಮ್ಮೊಮ್ಮೆ ಹಾಗೆ ಮಾಡುತ್ತಿತ್ತು. ಎರಡು ಸಲ ಒತ್ತಿದರೆ ಸರಿಹೋಗುತ್ತಿತ್ತು. ಎಷ್ಟು ಅಭ್ಯಾಸವಾಗಿತ್ತೆಂದರೆ, ಅದೊಂದು ದೋಷ ಎಂಬುದೇ ಮರೆತುಹೋಗಿತ್ತು. ಮೆಕ್ಯಾನಿಕ್ ನೋಡಿ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ ಎಂದ. ರಿಪೇರಿ ಖರ್ಚು ನಾನೇ ಕೊಟ್ಟೆ. ಅದರಿಂದ ನನ್ನ ತಪ್ಪೇನೂ ಕಡಿಮೆಯಾಗಲಿಲ್ಲ.

ಇದರಿಂದ ಒಂದು ವಿಷಯ ಕಲಿತೆ. ಹಳೆಯ ಕಾರಿನ ಬ್ರೇಕ್ ಹೇಗಿದೆ ಎಂದು ಅದರ ಮಾಲೀಕನನ್ನು ಕೇಳಿ ಪ್ರಯೋಜನವಿಲ್ಲ. ಅವನು ಸುಳ್ಳು ಹೇಳುತ್ತಾನೆಂದಲ್ಲ, ಅವನ ಕಾಲು ಕಾರಿಗೆ ಹೊಂದಿಕೊಂಡುಬಿಟ್ಟಿರುತ್ತದೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ದಾಟಿದ ಕಾರಿಗೆ ಸಾಮಾನ್ಯವಾಗಿ ಪ್ರತಿ ವರ್ಷ 'ಪಿಂಕ್ ಸ್ಲಿಪ್' ತಪಾಸಣೆ ಆಗಬೇಕು. ನಮ್ಮ ವಿಕ್ಟೋರಿಯಾದಲ್ಲಿ ಖಾಸಗಿ ಕಾರುಗಳಿಗೆ ಆ ವಾರ್ಷಿಕ ಕಟ್ಟಳೆ ಇಲ್ಲ. ಮುಖ್ಯವಾಗಿ ಕಾರು ಕೈ ಬದಲಾಯಿಸುವಾಗ ರೋಡ್‌ವರ್ದಿ ಬೇಕು, ಅದೂ 30 ದಿನಗಳೊಳಗೆ ಪಡೆದದ್ದು. ಅಂದರೆ ಒಬ್ಬರೇ ಹತ್ತು ವರ್ಷ ಓಡಿಸಿದ ಕಾರಿನ ಬ್ರೇಕನ್ನು ಅಷ್ಟು ಕಾಲವೂ ಯಾರೂ ನೋಡದೇ ಇರಬಹುದು. ಸರ್ಟಿಫಿಕೇಟ್ ಹೇಳುವುದು ತಪಾಸಣೆಯ ದಿನದ ಸ್ಥಿತಿಯನ್ನು ಮಾತ್ರ, ಮುಂದಿನ ಗ್ಯಾರಂಟಿ ಅಲ್ಲ. ಡೀಲರ್ ಬಳಿ ಕೊಂಡರೆ, 10 ವರ್ಷ ಮತ್ತು 1,60,000 ಕಿ.ಮೀ. ಮೀರದ ಕಾರಿಗೆ 3 ತಿಂಗಳು ಅಥವಾ 5,000 ಕಿ.ಮೀ. ವಾರಂಟಿ ಉಂಟು. ನಮ್ಮ ನಮ್ಮಲ್ಲೇ ಕೊಡುಕೊಳ್ಳುವಾಗ ಅದೂ ಇಲ್ಲ.

ಹಾಗಾಗಿ ಕೊಳ್ಳುವವರು ಸಂಕೋಚ ಬಿಡಬೇಕು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಲ್ಲಿ ಮೊಳ ಹಾಕಬಾರದು, ನಿಜ. ಆದರೆ ಇದು ಧರ್ಮದ ದಟ್ಟಿಯಲ್ಲ, ನೀವು ಡಾಲರ್ ಎಣಿಸಿ ಕೊಡುತ್ತಿದ್ದೀರಿ. ಮೊಳ ಹಾಕಿಯೇ ನೋಡಿ.

ಮೊದಲು ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಇಳಿಯಬೇಕು. ಇಳಿಯದೆ ಕಲ್ಲಿನಂತಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಕೆಟ್ಟಿರಬಹುದು. ಬಳಿಕ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇಳಿಯುತ್ತಲೇ ಹೋದರೆ ನನ್ನ ಕಾರಿನ ಕಥೆ, ಇಲ್ಲವೇ ಎಲ್ಲೋ ಸೋರಿಕೆ. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು.

ಆಮೇಲೆ ಓಡಿಸಿ. ಕೀಚಲು ಸದ್ದು ಪ್ಯಾಡ್ ಸವೆದಿರುವ ಸೂಚನೆ ಇರಬಹುದು, ಕಬ್ಬಿಣ ಉಜ್ಜುವ ಸದ್ದಾದರೆ ಪ್ಯಾಡ್ ಪೂರ್ತಿ ಮುಗಿದಿರಬಹುದು. ಪೆಡಲ್ ಅದುರಿದರೆ ಡಿಸ್ಕ್ ಸಮನಾಗಿ ಸವೆದಿಲ್ಲ. ಕಾರು ಒಂದು ಪಕ್ಕಕ್ಕೆ ಎಳೆದರೆ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಮನೆ ಹತ್ತಿರದ 50ರ ರಸ್ತೆಯಲ್ಲಿ ಸರಿಯಿದ್ದರೆ ಹ್ಯೂಮ್ ಫ್ರೀವೇಯಲ್ಲೂ ಸರಿ ಎಂದುಕೊಳ್ಳಬೇಡಿ. ವೇಗ 50ರಿಂದ 100ಕ್ಕೆ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು.

ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಮಟ್ಟ ಇಳಿದಿದ್ದರೆ ಪ್ಯಾಡ್ ಸವೆದಿದೆ ಅಥವಾ ಸೋರುತ್ತಿದೆ. ಸುಮ್ಮನೆ ಮೇಲೆ ಸುರಿದರೆ ರೋಗ ಮುಚ್ಚಿಟ್ಟಂತೆ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಿಮ ನೋಡಿ ಮೌಂಟ್ ಬುಲ್ಲರ್‌ನಿಂದ ಇಳಿಯುವಾಗ ಆಯಿಲ್ ಕುದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆಗುಂಬೆ ಘಾಟಿಯ ಡ್ರೈವರ್‌ಗಳಂತೆ ಕೆಳಗಿನ ಗೇರಿನಲ್ಲೇ ಇಳಿಯಿರಿ.

ಇಷ್ಟೆಲ್ಲ ನೋಡಿದರೂ ನಾವು ಮೆಕ್ಯಾನಿಕ್ ಆಗುವುದಿಲ್ಲ. ಸಂಶಯ ಬಂದರೆ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ಚಕ್ರ ಬಿಚ್ಚಿ ದೂಳು ಊದುವ ಸಾಹಸವಂತೂ ಬೇಡ. ಆಸ್ಬೆಸ್ಟಾಸ್ ಈ ದೇಶದಲ್ಲಿ ಪೂರ್ತಿ ನಿಷೇಧವಾದದ್ದು 2003ರ ಕೊನೆಗೆ, ಅದಕ್ಕೂ ಹಳೆಯ ಬ್ರೇಕುಗಳಲ್ಲಿ ಅದು ಇರಬಹುದು.

ಇನ್ನು ಮಾರುವವರಿಗೆ, ಅಂದರೆ ನನ್ನಂಥವರಿಗೆ. "ರೋಡ್‌ವರ್ದಿ ನೀವೇ ಮಾಡಿಸಿಕೊಳ್ಳಿ, ಐನೂರು ಕಡಿಮೆ ಮಾಡ್ತೀನಿ" ಎನ್ನುವುದನ್ನು ನಿಲ್ಲಿಸೋಣ. ನೋಂದಣಿ ಸಮೇತ ಮಾರುವಾಗ ಅದು ಮಾರುವವರ ಹೊಣೆ. "ಮೂರು ಸಾವಿರದ ಕಾರಿಗೆ ಆರುನೂರರ ಬ್ರೇಕ್ ಕೆಲಸವೇ?" ಎಂದು ಕೆಲವರು ಕೇಳುತ್ತಾರೆ. ಕೇಳುವುದರಲ್ಲಿ ಅರ್ಥವಿದೆ, ಹೊಸದಾಗಿ ಬಂದವರ ಕೈಯಲ್ಲಿ ದುಡ್ಡು ಕಡಿಮೆ, ಅಗ್ಗದ ಕಾರು ಅವರಿಗೆ ದೊಡ್ಡ ಉಪಕಾರ. ಆದರೆ ಬಾಗಿಲು ಗೀಚಿದ ಕಾರನ್ನು ಅಗ್ಗಕ್ಕೆ ಕೊಡುವುದು ಬೇರೆ, ಬ್ರೇಕ್ ಇಲ್ಲದ್ದನ್ನು ಕೊಡುವುದು ಬೇರೆ. ರಿಪೇರಿ ಗಿಟ್ಟದಿದ್ದರೆ ಆ ಕಾರು ಗುಜರಿಗೆ ಹೋಗಲಿ.

ಬಂದ ಹೊಸದರಲ್ಲಿ ಜನ ನಮ್ಮನ್ನು ನಂಬುವುದು ನಾವು ಕನ್ನಡ ಮಾತಾಡುತ್ತೇವೆಂಬ ಒಂದೇ ಕಾರಣಕ್ಕೆ. ಮುಂದಿನ ಸಲ ಕಾರು ಮಾರುವಾಗ ಬೀಗದ ಕೈ ಜೊತೆಗೆ ಬ್ರೇಕ್ ಯಾವಾಗ ಮಾಡಿಸಿದ್ದು, ಏನೇನು ಸದ್ದು ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ನಾನಂತೂ ಈಗ ಹಾಗೇ ಮಾಡುತ್ತೇನೆ.

ಆ ಹುಡುಗ ಈಗಲೂ ನನ್ನನ್ನು ಅಂಕಲ್ ಎಂದೇ ಕರೆಯುತ್ತಾನೆ. ಅದು ಅವನ ದೊಡ್ಡತನ.