ಸೂಜಿ ಸವೆದಿದ್ದರೆ ಪ್ಲೇಯರ್ ಯಾಕೆ ಬದಲಿಸಬೇಕು?

ಅಟ್ಟದ ಮೇಲಿದ್ದ ಅಜ್ಜನ ಕಾಲದ ರೆಕಾರ್ಡುಗಳು ಈಗ ಕೆಳಗಿಳಿಯುತ್ತಿವೆ. ಮೈಕ್ ಸೆಟ್ಟಿನವರು ಮದುವೆ ಮನೆಗಳಲ್ಲಿ ಹಾಕುತ್ತಿದ್ದ ಸಿನಿಮಾ ಹಾಡು, ಕಂಪನಿ ನಾಟಕದ ಪದ ಎಲ್ಲವೂ ಅದರಲ್ಲಿವೆ. ಖುಷಿಯ ಸಂಗತಿ. ಆದರೆ ದನಿ ಗೊರಗೊರ ಅಂದ ಕೂಡಲೇ ಪೇಟೆಯ ಅಂಗಡಿಯವರು ಹೇಳುವುದು ಒಂದೇ ಮಾತು: "ಇನ್ನೂ ದೊಡ್ಡ ಟರ್ನ್‌ಟೇಬಲ್ ತಗೊಳ್ಳಿ."

ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಅಂತೀವಿ ನಾವು.

ತಟ್ಟೆಗೆ ಇರುವ ಕೆಲಸ ಎರಡೇ. ಎಲ್‌ಪಿಯನ್ನು ನಿಮಿಷಕ್ಕೆ 33⅓ ಸುತ್ತು ಒಂದೇ ಸಮನೆ ತಿರುಗಿಸಬೇಕು. ಮೋಟಾರಿನ ಗುಡುಗು ಸೂಜಿಗೆ ತಾಗದಂತೆ ನೋಡಿಕೊಳ್ಳಬೇಕು. ಹಾಡನ್ನು ಓದುವುದು ಸೂಜಿ. ಅದು ಸವೆದಿದ್ದರೆ ಲಕ್ಷ ರೂಪಾಯಿಯ ತಟ್ಟೆಯೂ ಗೊರಗೊರ ಅನ್ನುತ್ತದೆ, ಜೊತೆಗೆ ರೆಕಾರ್ಡಿನ ಗೆರೆಯನ್ನೂ ಕೆರೆದುಹಾಕುತ್ತದೆ. ಹಳೆಯ 78ರ ತಟ್ಟೆಗಳಿಗೆ ಸೂಜಿಯೇ ಬೇರೆ. ಅದರ ತುದಿ ಎಲ್‌ಪಿ ಸೂಜಿಗಿಂತ ಮೂರು ನಾಲ್ಕು ಪಟ್ಟು ದಪ್ಪ.

ಹಾಗಾದರೆ ಪ್ಲೇಯರ್ ಬದಲಿಸಿದರೆ ಏನೂ ಆಗುವುದಿಲ್ಲವೇ? ಆಗುತ್ತದೆ. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಐದು ಗ್ರಾಂ ಭಾರದಲ್ಲಿ ಒತ್ತುವುದುಂಟು. ಒಳ್ಳೆಯದರಲ್ಲಿ ಎರಡು ಗ್ರಾಂ ಆಸುಪಾಸು. ಅಲ್ಲಿಂದ ಇಲ್ಲಿಗೆ ಬಂದರೆ ವ್ಯತ್ಯಾಸ ಯಾರ ಕಿವಿಗೂ ಕೇಳುತ್ತದೆ. ನಮ್ಮ ತಕರಾರು ಅದರ ಮೇಲಿನ ಮೆಟ್ಟಿಲುಗಳ ಬಗ್ಗೆ. ಅಲ್ಲಿ ಬೆಲೆ ನಾಲ್ಕು ಪಟ್ಟು ಏರುತ್ತದೆ, ದನಿ ಏರುವುದು ಕೂದಲೆಳೆಯಷ್ಟು.

"ನಮಗೆ ಕೇಳುತ್ತದೆ" ಅನ್ನುವವರಿಗೆ ಅಮೆರಿಕದ ಒಂದು ಕಥೆ. ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ದುಬಾರಿ ರೆಕಾರ್ಡುಗಳನ್ನು ಶುದ್ಧ ಅನಲಾಗ್ ಅಂತ ಭಾರೀ ಯಂತ್ರಗಳ ಒಡೆಯರು ವರ್ಷಗಟ್ಟಲೆ ಹೊಗಳಿದರು. ಆ ಪೈಕಿ ಅನೇಕ ರೆಕಾರ್ಡುಗಳ ತಯಾರಿಕೆಯ ನಡುವೆ ಡಿಜಿಟಲ್ ಹಂತ ಇತ್ತು ಅಂತ 2022ರಲ್ಲಿ ಬಯಲಾಯಿತು. ಗುಟ್ಟು ಹೊರಬಿದ್ದದ್ದು ಕಂಪನಿಯವರ ಬಾಯಿಂದ, ಕೇಳುಗರ ಕಿವಿಯಿಂದಲ್ಲ. ಯಂತ್ರದ ಬೆಲೆ ಕಿವಿಯನ್ನು ಚುರುಕು ಮಾಡುವುದಿಲ್ಲ.

ನೀವೇ ಪರೀಕ್ಷೆ ಮಾಡಿ. ಎರಡು ಪ್ಲೇಯರ್, ಒಂದೇ ರೆಕಾರ್ಡು, ಒಂದೇ ಬಗೆಯ ಹೊಸ ಸೂಜಿ, ಒಂದೇ ಸ್ಪೀಕರ್. ವಾಲ್ಯೂಮ್ ಸಮ ಇರಲಿ, ಯಾಕೆಂದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ. ಬೆನ್ನು ತಿರುಗಿಸಿ ಕೂತು, ಯಾವುದು ಯಾವುದೆಂದು ಹತ್ತು ಸಲ ಹೇಳಿ ನೋಡಿ. ಆಮೇಲೆ ದುಡ್ಡು ಬಿಚ್ಚಿ.

ಮೊದಲು ರೆಕಾರ್ಡಿನ ಧೂಳು ತೆಗೆಯಿರಿ. ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಅಡ್ಡ ಎಳೆಯಬೇಡಿ. 78ರ ತಟ್ಟೆಗೆ ಸ್ಪಿರಿಟ್ ಹಚ್ಚಲೇಬೇಡಿ, ಅರಗು ಕರಗುತ್ತದೆ. ಆಮೇಲೆ ಸೂಜಿ ಬದಲಿಸಿ, ಭಾರ ಸರಿಮಾಡಿ. ಇನ್ನೂ ದುಡ್ಡಿದ್ದರೆ ಒಳ್ಳೆಯ ಸ್ಪೀಕರ್. ತಟ್ಟೆಯ ಸರದಿ ಕೊನೆಗೆ.

ಆ ಪೆಟ್ಟಿಗೆಯ ಹಾಡುಗಳೆಲ್ಲ ಯೂಟ್ಯೂಬಿನಲ್ಲಿ ಸಿಗುವುದಿಲ್ಲ. ಪ್ಲೇಯರನ್ನು ಮುಂದಿನ ಸುಗ್ಗಿಗೂ ಕೊಳ್ಳಬಹುದು. ಸವೆದ ಸೂಜಿ ಕೆರೆದು ಹಾಕಿದ ದನಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.